ಬಾಲಕ್ಕೆ ಕಟ್ಟಿದ ಹೊರೆ

ಯೋಂಡೊನ್‌ನ ಗಾಡಿಯ ಹಿಂಬಾಗಿಲು ಮುಚ್ಚುತ್ತಿರಲಿಲ್ಲ. ಮೊಣಕಾಲು ಕೊಟ್ಟು ಎತ್ತಿ, ಭುಜ ಕೊಟ್ಟು ತಳ್ಳಿದರೆ ಮಾತ್ರ ಚಿಲಕ ಕೂರುತ್ತಿತ್ತು. ಗೋಬಿ ಮರುಭೂಮಿಯಲ್ಲಿ ಇದೇನು ಹೊಸದಲ್ಲ. ಹತ್ತು ಡೇರೆ ಸುತ್ತಿದರೆ ಆರರ ಮುಂದೆ ಇಂಥದೇ ಬಾಗಿಲಿನ ಗಾಡಿ ನಿಂತಿರುತ್ತದೆ. ಕೇಳಿದರೆ ಯಜಮಾನ, ಹಳೇ ಗಾಡಿ, ಅದು ಹಂಗೇ ಅನ್ನುತ್ತಾನೆ. ಹಂಗೇ ಅಂತೆ. ಹಂಗೇ ಅಂದುಕೊಂಡೇ ಎಷ್ಟು ಜನ ಕೈಕಾಲು ಕಳೆದುಕೊಂಡರೋ.

ಯೋಂಡೊನ್ ಕೂಡ ಹಾಗೇ ಅನ್ನುತ್ತಿದ್ದ. ಆದರೆ ಮನಸ್ಸಿಗೆ ಸಮಾಧಾನವಿರಲಿಲ್ಲ. ಗಾಡಿ ಹಳೆಯದು ನಿಜ, ಬಾಗಿಲು ಕೆಟ್ಟಿದ್ದು ಮಾತ್ರ ಈ ಬೇಸಿಗೆಯಲ್ಲಿ. ಕಲ್ಲು ಮರಳಿನ ದಾರಿಗೆ ಇರಲಿ ಅಂತ ನಾಲ್ಕೂ ಚಕ್ರಕ್ಕೆ ದೊಡ್ಡ ಟೈರು ಹಾಕಿಸಿದ್ದ. ನಾಲ್ಕು ದೊಡ್ಡದಾದ ಮೇಲೆ ಸ್ಟೆಪ್ನಿ ಸಣ್ಣದಿದ್ದರೆ ಪ್ರಯೋಜನವೇನು? ಐದನೆಯದನ್ನೂ ದೊಡ್ಡದೇ ತಂದು ಹಿಂಬಾಗಿಲಿಗೆ ನೇತುಹಾಕಿದ. ಟೈರು ಮಾರಿದವನು ಐದರ ದುಡ್ಡು ಎಣಿಸಿಕೊಂಡ. ಬಾಗಿಲು ಇದನ್ನು ಹೊರುತ್ತದಾ ಅಂತ ಒಂದು ಮಾತು ಆಡಲಿಲ್ಲ.

ಅಂದಿನಿಂದ ಗಡಗಡ ಸದ್ದು. ಒಳಗೆಲ್ಲ ಧೂಳು.

ಸುಮ್ಮನಿರುವ ಹೊತ್ತೂ ಅಲ್ಲ. ಹೆಂಡತಿ ಸೊಲೊಂಗೊಗೆ ಎಂಟು ತಿಂಗಳು ತುಂಬಿತ್ತು, ರಕ್ತದೊತ್ತಡ ಏರಿತ್ತು. ನಾಳೆಯೊಳಗೆ ಜಿಲ್ಲಾ ಆಸ್ಪತ್ರೆ ಸೇರಿಸು ಅಂತ ನರ್ಸು ಖಡಕ್ಕಾಗಿ ಹೇಳಿ ಹೋಗಿದ್ದಳು. ನೂರಾ ಎಪ್ಪತ್ತು ಕಿಲೋಮೀಟರ್, ಉದ್ದಕ್ಕೂ ರಾಗಿ ಬೀಸುವ ಕಲ್ಲಿನ ಹಾಗೆ ಮೈಯೆಲ್ಲ ಹಲ್ಲಿರುವ ದಾರಿ.

ಸಲಹೆ ಕೇಳಿದ. ಅದೇ ತಪ್ಪಾಯಿತು. ಪಕ್ಕದ ಡೇರೆಯ ಗೊಂಬೊ ಮುದುಕ ಸ್ಟೆಪ್ನಿಯನ್ನು ಗಾಡಿಯ ತಲೆ ಮೇಲೆ ಕಟ್ಟು ಅಂದ. ಯೋಂಡೊನ್‌ನ ಅವ್ವ ದೊಲ್ಗೊರ್ ಹೌಹಾರಿದಳು. ಟೈರೆಂದರೆ ಗಾಡಿಯ ಕಾಲು, ಟೋಪಿ ಇಡುವ ಜಾಗದಲ್ಲಿ ಬೂಟು ಇಡುತ್ತಾರಾ ಅಂತ ಕೇಳಿದಳು. ಹಾಗಾದರೆ ಒಳಗಿಡು ಅಂದ ಗೊಂಬೊ. ಸತ್ತ ಪ್ರಾಣಿಯನ್ನೂ ಸಗಣಿಯನ್ನೂ ತುಳಿದದ್ದನ್ನು ಬಸುರಿಯ ಪಕ್ಕ ಇಡೋದಾ ಅಂದಳು ದೊಲ್ಗೊರ್. ಬಿಟ್ಟೇ ಹೋಗು ಅಂದ ಗೊಂಬೊ. ನಡುದಾರಿಯಲ್ಲಿ ಪಂಕ್ಚರ್ ಆದರೆ ಗತಿಯೇನು ಅಂದ ಯೋಂಡೊನ್.

ಮೂರು ಮಾತು, ಮೂರು ದಿಕ್ಕು. ಯೋಂಡೊನ್‌ಗೆ ತಲೆ ಗಿರ್ರೆಂದಿತು. ಕೊನೆಗೆ ಒಂಟೆ ಕಾಯುವವನು ಏನು ಮಾಡುತ್ತಾನೋ ಅದನ್ನೇ ಮಾಡಿದ. ಒಂಟೆಕೂದಲ ಹಗ್ಗ ತಂದು, ಚಿಲಕಕ್ಕೂ ಬಂಪರಿಗೂ ಸೇರಿಸಿ ಬಿಗಿಯಾಗಿ ಕಟ್ಟಿದ. ಒಂದು ಸುತ್ತು ಓಡಿಸಿ ನೋಡಿದ, ಸದ್ದು ನಿಂತಿತ್ತು. ಗಂಟು ನೋಡಿ ಗೊಂಬೊ ಭೇಷ್ ಅಂದ. ಆದರೆ ಬಾಗಿಲಿನ ಮೇಲ್ಗಡೆಯ ಸಂದು ಮಾತ್ರ ಅಗಲವಾಗುತ್ತಲೇ ಇತ್ತು. ಸದ್ದು ನಿಂತ ಮೇಲೂ ಸಂದು ಯಾಕೆ? ಅವನಿಗೆ ತಿಳಿಯಲಿಲ್ಲ.

ಬೆಳಿಗ್ಗೆ ದೊಲ್ಗೊರ್ ದಾರಿ ಸುಖವಾಗಲಿ ಅಂತ ಚಕ್ರಗಳಿಗೆ ಹಾಲು ಚಿಮುಕಿಸಿ ತಾನೂ ಗಾಡಿ ಹತ್ತಿದಳು. ಸೊಲೊಂಗೊಗೆ ಹಿಂದಿನ ಸೀಟು ಮಡಿಸಿ ಹಾಸಿಗೆ ಹಾಸಿದ್ದರು. ಅವಳು ಹಿಂಬಾಗಿಲಿಗೆ ಒರಗಿ ಕೂತಳು. ನಲವತ್ತು ಕಿಲೋಮೀಟರ್ ದಾಟಿ ಹೋಬಳಿ ಊರಿಗೆ ಬಂದಾಗ, ಗಾಳಿ ನೋಡಿಸಲು ಪಗ್ಮಾಳ ಟೈರಂಗಡಿ ಮುಂದೆ ನಿಲ್ಲಿಸಿದರು.

ಪಗ್ಮಾ ಇಪ್ಪತ್ತು ವರ್ಷದಿಂದ ಟೈರು, ವೆಲ್ಡಿಂಗ್ ಎರಡೂ ಮಾಡುವ ಹೆಂಗಸು. ಗಾಳಿ ನೋಡುವ ಮೊದಲು ಹಗ್ಗ ನೋಡಿದಳು.

"ಏನಪ್ಪಾ, ಬಾಗಿಲು ಓಡಿಹೋಗುತ್ತೆ ಅಂತ ಕಟ್ಟಿಹಾಕಿದೀಯಾ?"

ಸದ್ದು ಬರ್ತಿತ್ತು, ಈಗ ನಿಂತಿದೆ ಅಂದ ಯೋಂಡೊನ್. ಪಗ್ಮಾ ಮೊದಲು ಸೊಲೊಂಗೊಳನ್ನು ಇಳಿಸಿದಳು. ಹಗ್ಗ ಬಿಚ್ಚಿದಳು. ಸ್ಟೆಪ್ನಿಯ ಕೆಳಗೆ ಎರಡೂ ಕೈ ಕೊಟ್ಟು ಎತ್ತಿದಳು. ಟೈರಿನ ಜೊತೆ ಇಡೀ ಬಾಗಿಲು ಎರಡು ಬೆರಳು ಮೇಲೆ ಬಂತು. ಮೇಲಿನ ಕೀಲಿನ ಬುಡದ ಮಣ್ಣು ಒರೆಸಿ ತೋರಿಸಿದಳು. ತಗಡಿನಲ್ಲಿ ಕಿರುಬೆರಳುದ್ದದ ಬಿರುಕು. ಕೆಳಗಿನ ಕೀಲಿನಲ್ಲಿ ಇನ್ನೊಂದು.

"ಹಗ್ಗ ಹಿಡಿದಿದ್ದು ಚಿಲಕದ ಕಡೆ. ಹರೀತಿರೋದು ಕೀಲಿನ ಕಡೆ. ಅಳೋ ಮಗು ಬಾಯಿ ಮುಚ್ಚಿದೀಯ, ಹೊಟ್ಟೆನೋವು ಹಂಗೇ ಇದೆ."

ಯೋಂಡೊನ್ ಒಪ್ಪಲಿಲ್ಲ. ಹಳೇ ಸ್ಟೆಪ್ನಿ ಇದೇ ಬಾಗಿಲಲ್ಲಿ ಹನ್ನೆರಡು ವರ್ಷ ತೂಗಾಡಿದೆ, ಆಗ ಏನೂ ಆಗಲಿಲ್ಲ, ಈಗ ಯಾಕೆ ಅಂದ. ಪಗ್ಮಾ ಕಬ್ಬಿಣದ ಜಾಕು ತಂದು ಅವನ ಕೈಗಿಟ್ಟಳು. ಎದೆಗೆ ಅವಚಿಕೋ ಅಂದಳು, ಅವಚಿಕೊಂಡ. ಕೈ ಮುಂದೆ ಚಾಚಿ ಹಿಡಿ ಅಂದಳು. ಹಿಡಿದ. ತೋಳು ನಡುಗತೊಡಗಿತು. ಅವಳು ಅವನ ಹೆಗಲ ಮೇಲೆ ಪಟಪಟ ನಾಲ್ಕು ಏಟು ಕೊಟ್ಟಳು. ಜಾಕು ಕೆಳಗೆ ಬಿತ್ತು.

ಆಮೇಲೆ ಬಿಡಿಸಿ ಹೇಳಿದಳು. ಹಳೇ ಸ್ಟೆಪ್ನಿಯ ತೂಕ ನೋಡಿಕೊಂಡೇ ಬಾಗಿಲಿಗೆ ಕೀಲು ಇಟ್ಟಿದ್ದರು. ಹೊಸದು ಅದರ ಒಂದೂವರೆ ಪಟ್ಟು ಭಾರ. ಅಗಲವೂ ಹೆಚ್ಚು, ಹಾಗಾಗಿ ಬಾಗಿಲಿಂದ ಇನ್ನೂ ಆಚೆಗೆ ಜೋತಿದೆ. ಚಾಚಿದ ಕೈಯ ಭಾರ ಅದು. ದಾರಿಯ ಒಂದೊಂದು ಕುಲುಕೂ ಹೆಗಲಿಗೆ ಬಿದ್ದ ಏಟು.

"ನೀನು ಒಂಟೆಗೆ ಹೊರೆ ಎಲ್ಲಿ ಕಟ್ತೀಯ?"

"ಎರಡು ಪಕ್ಕಕ್ಕೂ ಸಮ ಮಾಡಿ, ಡುಬ್ಬದ ಹತ್ರ."

"ಬಾಲಕ್ಕೆ ಯಾಕೆ ಕಟ್ಟಲ್ಲ?"

ಯೋಂಡೊನ್‌ಗೆ ನಗು ಬಂತು. ಬಾಲಕ್ಕೆ ಯಾರಾದರೂ ಕಟ್ಟುತ್ತಾರಾ, ಕಿತ್ತೇ ಬರುತ್ತೆ ಅಂದ. ಅಂದವನು ಹಿಂಬಾಗಿಲು ನೋಡಿದ. ನಗು ನಿಂತಿತು.

ಬಿರುಕಿಗೆ ವೆಲ್ಡಿಂಗ್ ಹಾಕಿಬಿಡು ಅಂತ ಬೇಡಿಕೊಂಡ. ತೆಳು ತಗಡು, ಬೆಸುಗೆಯ ಪಕ್ಕದಲ್ಲೇ ಮತ್ತೆ ಹರಿಯುತ್ತೆ ಅಂದಳು ಪಗ್ಮಾ. ದೊಡ್ಡ ಟೈರು ಹೊರಲು ಬೇರೆಯೇ ಕಬ್ಬಿಣದ ತೋಳು ಬೇಕು. ಅದು ಬಾಗಿಲಿಗಲ್ಲ, ಗಾಡಿಯ ಚಾಸಿಗೆ, ಅಂದರೆ ಅಡಿಯ ಚೌಕಟ್ಟಿಗೆ ಕೂರಬೇಕು, ತನ್ನದೇ ಕೀಲಿನಲ್ಲಿ ತಿರುಗಬೇಕು. ಮಾಡಿಕೊಡ್ತೀನಿ, ನಾಲ್ಕು ದಿನ ಬೇಕು ಅಂದಳು.

ನಾಲ್ಕು ದಿನ ಯಾರ ಹತ್ತಿರ ಇದೆ? ಹಾಗಾದರೆ ತಲೆ ಮೇಲೆ ಕಟ್ಟಲಾ, ಅವ್ವ ಬೇಡ ಅಂತಾಳೆ ಅಂದ ಯೋಂಡೊನ್. ಅಷ್ಟು ಭಾರ ಮೇಲೆ ಕೂತರೆ ಇಳಿಜಾರಿನ ತಿರುವಿನಲ್ಲಿ ಗಾಡಿ ಮಗುಚುತ್ತೆ, ಅದರಲ್ಲಿ ನಿಮ್ಮವ್ವ ಹೇಳಿದ್ದೇ ಸರಿ ಅಂದಳು ಪಗ್ಮಾ. ದೊಲ್ಗೊರ್ ಮುಖ ಅರಳಿತು. ಇವತ್ತಿನ ಮಟ್ಟಿಗೆ ಒಳಗೆ, ನೆಲಕ್ಕೆ ಮಲಗಿಸಿ ಬಿಗಿಬೇಕು ಅಂದದ್ದೇ ಆ ಮುಖ ಮತ್ತೆ ಗಂಟಾಯಿತು. ಆಗೋದಿಲ್ಲ ಅಂದುಬಿಟ್ಟಳು. ಯೋಂಡೊನ್ ಅವ್ವನ ಮುಖ ನೋಡಿದ, ಪಗ್ಮಾಳ ಮುಖ ನೋಡಿದ.

ಸೊಲೊಂಗೊ ಬೆಂಚಿನ ಮೇಲೆ ಹೊಟ್ಟೆ ಹಿಡಿದು ಕೂತಿದ್ದಳು. ಅಲ್ಲಿಂದಲೇ ಮೆಲ್ಲಗೆ ಹೇಳಿದಳು:

"ಅತ್ತೆ, ಇಲ್ಲಿವರೆಗೂ ನಾನು ಆ ಬಾಗಿಲಿಗೇ ಒರಗಿ ಬಂದೆ. ಟೈರು ಒಳಗೆ ಬಂದ್ರೆ ಅಪಶಕುನ ಅಂತೀರಿ. ನಾನು ಹೊರಗೆ ಬಿದ್ರೆ ಅದು ಯಾವ ಶಕುನ?"

ದೊಲ್ಗೊರ್ ಹೋಗಿ ಆ ಬಿರುಕಿಗೆ ಬೆರಳಿಟ್ಟು ನೋಡಿದಳು. ಆಮೇಲೆ ಪಗ್ಮಾಳ ಹತ್ತಿರ ಒಂದು ಬಕೆಟ್ ಬಿಸಿನೀರು ಕೇಳಿದಳು. ಅಂಗಿಯ ತೋಳು ಮಡಚಿ, ಅಂಗಳದಲ್ಲಿ ಕುಕ್ಕುರುಗಾಲಲ್ಲಿ ಕೂತು, ಆ ಟೈರನ್ನು ತಾನೇ ತಿಕ್ಕಿ ತೊಳೆದಳು. ಸಂದಿನ ಕಲ್ಲನ್ನೆಲ್ಲ ಬೆರಳಿಂದ ತೆಗೆದಳು. ಮೇಲೆ ಉಣ್ಣೆಗಂಬಳಿ ಸುತ್ತಿದಳು.

"ಈಗ ಇದು ಕಾಲಲ್ಲ, ಸಾಮಾನು. ಕಟ್ಟೋ."

ಪಗ್ಮಾ ನೆಲದ ನಾಲ್ಕು ಕೊಕ್ಕೆಗೂ ಪಟ್ಟಿ ಹಾಕಿ, ಟೈರು ಒಂದು ಕೂದಲಷ್ಟೂ ಅಲುಗದ ಹಾಗೆ ಬಿಗಿದಳು. ಬಿಗಿಯದೆ ಒಳಗಿಟ್ಟ ಟೈರು ಬ್ರೇಕ್ ಹಾಕಿದಾಗ ಕುತ್ತಿಗೆಗೇ ಬರುತ್ತದೆ ಅಂದಳು. ಖಾಲಿ ಬಾಗಿಲನ್ನು ಆ ಕೀಲು ಸದ್ಯಕ್ಕೆ ಹಿಡಿಯುತ್ತೆ, ಆದರೆ ಯಾರೂ ಒರಗಬೇಡಿ, ವಾಪಸು ಬಂದವನೇ ಮೊದಲು ಇಲ್ಲಿಗೆ ಬಾ ಅಂತ ಎಚ್ಚರಿಸಿದಳು. ಸೊಲೊಂಗೊ ಮುಂದಿನ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡು ಕೂತಳು. ಸಂಜೆಗೆ ಆಸ್ಪತ್ರೆ ಮುಟ್ಟಿದರು. ಹನ್ನೊಂದನೇ ದಿನ ಹೆಣ್ಣು ಮಗು ಹುಟ್ಟಿತು. ಯೋಂಡೊನ್ ಪಗ್ಮಾಳ ಅಂಗಡಿಗೆ ಬಂದು ಕೀಲು ಬದಲಿಸಿ, ಕಬ್ಬಿಣದ ತೋಳು ಹಾಕಿಸಿಕೊಂಡೇ ಹೆಂಡತಿ ಮಗುವನ್ನು ಕರೆತರಲು ಹೋದ.

ಓದುತ್ತಿರುವವರೇ, ನಿಮಗೇ ಹೇಳುತ್ತಿರುವುದು. ಗಾಡಿಗೆ ದೊಡ್ಡ ಟೈರು ಹಾಕಿಸಿದ್ದೀರಾ? ಹಾಗಾದರೆ ಈಗಲೇ ಎದ್ದು ಹೋಗಿ. ಸ್ಟೆಪ್ನಿಯ ಕೆಳಗೆ ಕೈ ಕೊಟ್ಟು ಎತ್ತಿ. ಬಾಗಿಲು ಜೊತೆಗೆ ಎದ್ದರೆ, ಕೀಲಿನ ಹತ್ತಿರ ಗೀರು ಕಂಡರೆ, ಇಳಿಸಿಬಿಡಿ. ಚಾಸಿಗೆ ಕೂರುವ ತೋಳು ಮಾಡಿಸಿ. ಅಲ್ಲಿಯವರೆಗೆ ಒಳಗೆ, ನೆಲಕ್ಕೆ ಬಿಗಿದು ಒಯ್ಯಿರಿ. ಮಾರುವವನು ಇದನ್ನು ಹೇಳುವುದಿಲ್ಲ, ಅವನ ಮನೆಯವರೇನು ನಿಮ್ಮ ಗಾಡಿಯಲ್ಲಿ ಕೂರುತ್ತಾರಾ? ಕೂರುವವರು ನಿಮ್ಮವರು.