ಒಂದೇ ಸಂದರ್ಭದಲ್ಲಿ ಆರುವ ದೀಪ

ನಾನು ಒಂದು ಪೆಟ್ಟಿಗೆ. ಎದೆಯ ಮೇಲೆ ಎರಡು ಸ್ವಿಚ್ಚು, ನೆತ್ತಿಯ ಮೇಲೆ ಒಂದು ಬಲ್ಬು, ಬೆನ್ನಿಗೆ ಒಂದು ವೈರು. ಅದಕ್ಕೂ ಮೊದಲು ನಾನು ಒಂದು ರೇಡಿಯೋದ ಮರದ ಕವಚವಾಗಿದ್ದೆ. ಒಳಗಿನ ಜೀವ ಹೋದ ಮೇಲೆ ಗದಗಿನ ಒಂದು ರಿಪೇರಿ ಅಂಗಡಿಯ ಅಟ್ಟದಲ್ಲಿ ಧೂಳು ತಿನ್ನುತ್ತ ಬಿದ್ದಿದ್ದೆ. ಅಂಗಡಿ ವಿರೂಪಾಕ್ಷನದು. ಅವನ ಅಕ್ಕ ಕಮಲಾಕ್ಷಿ ಹೊಂಬಳ, ಅದೇ ಊರಿನ ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುತ್ತಿದ್ದಳು. ನನ್ನನ್ನು ಅಟ್ಟದಿಂದ ಇಳಿಸಿ ಸೆರಗಿನಿಂದ ಮುಖ ಒರೆಸಿದವಳು ಅವಳೇ.

"ತಮ್ಮಾ, ಎಡಗಡೇದು ಹಾಕಿ ಬಲಗಡೇದು ಹಾಕಲಿಲ್ಲಂದ್ರ ಅಷ್ಟ ದೀಪ ಆರಬೇಕು ನೋಡು. ಬಾಕಿ ಹೊತ್ತು ಉರೀತಿರಬೇಕು" ಎಂದಳು.

"ಎರಡೂ ಹಾಕಲಿಲ್ಲಂದ್ರ?"

"ಆಗೂ ಉರೀಬೇಕು."

"ಯಕ್ಕಾ, ಇಂಥಾದ್ದನ್ನ ಗಿರಾಕಿಗೆ ಕೊಟ್ರ ಚಪ್ಪಲಿ ತಗೊಂಡು ಹೊಡೀತಾರ" ಎಂದು ವಿರೂಪಾಕ್ಷ ನಕ್ಕ. ನಗುತ್ತಲೇ ಮಾಡಿಕೊಟ್ಟ. ಹೀಗೆ ನಾನು ಎರಡನೇ ಸಲ ಹುಟ್ಟಿದೆ.

ತರಗತಿಯಲ್ಲಿ ಅವಳು ನನ್ನನ್ನು ಮೇಜಿನ ಮೇಲಿಟ್ಟು ಪಾಠ ಮಾಡುತ್ತಿದ್ದಳು. ಮಳೆ ಬಂದರೆ ಆಟ ನಿಲ್ಲುತ್ತದೆ ಎಂದು ಒಬ್ಬ ಹೇಳಿದ ಎನ್ನಿ. ಎಡಗಡೆಯದು ಮಳೆ, ಬಲಗಡೆಯದು ಆಟ ನಿಲ್ಲುವುದು. ಮಳೆ ಬಂತು, ಆಟ ನಿಂತಿತು, ದೀಪ ಉರಿಯುತ್ತದೆ. ಮಳೆ ಬಂತು, ಆಟ ನಿಲ್ಲಲಿಲ್ಲ. ಅವನು ಆಡಿದ್ದು ಸುಳ್ಳು, ದೀಪ ಆರುತ್ತದೆ. ಮಳೆಯೇ ಬರಲಿಲ್ಲವಲ್ಲ, ಆಗ? ಆಗ ಅವನನ್ನು ಸುಳ್ಳ ಎನ್ನಲು ಯಾರಿಗೂ ಬರುವುದಿಲ್ಲ. ದೀಪ ಉರಿಯುತ್ತದೆ. ಇಲ್ಲಿಗೆ ಬಂದಾಗ ಹಿಂದಿನ ಬೆಂಚಿನವರು "ಅಕ್ಕೋರ, ಪೆಟಗಿ ಕೆಟ್ಟೈತ್ರಿ!" ಎಂದು ಕೂಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಈ ಜಗಳ ಇಂದು ನಿನ್ನೆಯದಲ್ಲ ಎಂದು ಅವಳೇ ಹೇಳುತ್ತಿದ್ದಳು. ಎರಡು ಸಾವಿರ ವರ್ಷಕ್ಕೂ ಹಿಂದೆ ಗ್ರೀಕರ ನಾಡಿನಲ್ಲಿ ಒಬ್ಬ ಗುರು, ಒಬ್ಬ ಶಿಷ್ಯ ಇದೇ 'ಬಂದರೆ', 'ಆದರೆ'ಗಳ ಸಲುವಾಗಿ ಕಚ್ಚಾಡಿದರಂತೆ. ಮೊದಲನೆಯದು ನಿಜವಾಗಿ ಎರಡನೆಯದು ಸುಳ್ಳಾದಾಗ ಮಾತ್ರ ಮಾತು ಸುಳ್ಳು, ಉಳಿದಂತೆ ನಿಜ ಎಂದು ಶಿಷ್ಯ. ಇವತ್ತು ಹಾಗಾಗಲಿಲ್ಲ ಎಂದರೆ ಸಾಲದು, ಯಾವ ಕಾಲಕ್ಕೂ ಹಾಗಾಗುವ ಸಾಧ್ಯತೆಯೇ ಇರಬಾರದು ಎಂದು ಗುರು. ಆಮೇಲೆ ಬಂದವರು, ಮೊದಲನೆಯದಕ್ಕೂ ಎರಡನೆಯದಕ್ಕೂ ಒಳಗಿನ ನಂಟು ಬೇಕು ಎಂದರು. ನಮ್ಮ ನೈಯಾಯಿಕರು ಹೊಗೆಗೂ ಬೆಂಕಿಗೂ ಬಿಡದ ನಂಟು ಹುಡುಕಿದ್ದೂ ಈ ದಾರಿಯಲ್ಲೇ. ನಾನು ಶಿಷ್ಯನ ಕಡೆಯ ಕೂಸು. ಒಂದು ಪೆಟ್ಟಿಗೆಯ ಹೊಟ್ಟೆಯಲ್ಲಿ ಎರಡು ವೈರಿಗೆ ಜಾಗ ಇದೆಯೇ ಹೊರತು ಎಲ್ಲ ಕಾಲಕ್ಕೆ ಜಾಗವಿಲ್ಲ.

ವಿಭಾಗದ ಮುಖ್ಯಸ್ಥ ಪ್ರೊಫೆಸರ್ ಹಣಗಿ. ಊರೆಲ್ಲ ಅವನನ್ನು ಬಹುವಚನದಲ್ಲಿ ಕರೆಯುತ್ತಿತ್ತು. ಪೆಟ್ಟಿಗೆಗೆ ಯಾರ ಹಂಗು? ನಾನು ಕರೆಯುವುದಿಲ್ಲ. ಹಣಗಿ ಯಾರಿಗೂ ಇಲ್ಲ ಎನ್ನುತ್ತಿರಲಿಲ್ಲ. ಗ್ರಾಂಟು ಬಂದರೆ ಪುಸ್ತಕ ತರಿಸುತ್ತೇನೆ ಎನ್ನುವನು, ಗ್ರಾಂಟಿಗೆ ಅರ್ಜಿಯನ್ನೇ ಹಾಕುತ್ತಿರಲಿಲ್ಲ. ಬೇರೆ ಯಾರೂ ರಜೆ ಕೇಳದಿದ್ದರೆ ಹಬ್ಬಕ್ಕೆ ನಿನಗೇ ರಜೆ ಎಂದು ಜವಾನ ರಮಜಾನನಿಗೆ ಹೇಳುವನು, ಆಮೇಲೆ ತಾನೇ ಇನ್ನೊಬ್ಬನಿಂದ ರಜೆ ಕೇಳಿಸುವನು. ಇಷ್ಟು ಮಾಡಿಯೂ ಜನ್ಮದಲ್ಲಿ ಒಂದು ಸುಳ್ಳು ಆಡಿಲ್ಲ ಎಂದು ಎದೆ ತಟ್ಟಿಕೊಳ್ಳುತ್ತಿದ್ದ. ಲೆಕ್ಕ ಹಾಕಿದರೆ ಅದು ನಿಜವೂ ಆಗಿತ್ತು, ಹಾಳಾದ್ದು.

ಕಮಲಾಕ್ಷಿಯದು ಹಂಗಾಮಿ ಕೆಲಸ. ಪ್ರತಿ ಬೇಸಿಗೆಗೆ ತೆಗೆದುಹಾಕಿ ಮಳೆಗಾಲಕ್ಕೆ ಮತ್ತೆ ಕರೆಯುತ್ತಿದ್ದರು. ಆ ವರ್ಷ ಒಂದು ಕಾಯಂ ಜಾಗ ಬಂತು. ಕಾಲೇಜಿನ ಆಡಳಿತ ಮಂಡಳಿಯಲ್ಲಿ ಸದಸ್ಯನೂ ಆಗಿದ್ದ ಹಣಗಿಯನ್ನು ಅವಳು ಕೇಳಿದಳು.

"ಮಂಡಳಿ ಮುಂದ ನಿಮ್ಮ ಹೆಸರು ಬಂದ್ರ ಮೊದಲನೇ ಕೈ ನಂದ, ಬಾಯಾರ. ಎಲ್ಲಾರಕಿಂತ ಮೊದಲ ಎತ್ತತೇನಿ" ಎಂದ ಹಣಗಿ.

ಅವಳು ನಂಬಿದಳು. ಸಭೆಯ ದಿನ ಬೆಳಿಗ್ಗೆಯಿಂದ ಬಾಗಿಲ ಹೊರಗಿನ ಬೆಂಚಿನ ಮೇಲೆ ಕಾದಳು. ಒಳಗೆ ಯಾವ ಹೆಸರು ಹೋಗಬೇಕು ಎಂದು ಗೊತ್ತು ಮಾಡುವವನು ಹಣಗಿಯೇ. ಅವನು ತನ್ನ ಅಳಿಯನ ಹೆಸರೊಂದನ್ನೇ ಕಳಿಸಿದ್ದ. ಒಂದು ವರ್ಷ ನೋಡೋಣ, ಆಮೇಲೆ ಕಾಯಂ ಮಾಡೋಣ ಎಂದು ಮಂಡಳಿ ಅಳಿಯನನ್ನು ತೆಗೆದುಕೊಂಡಿತು. ಸಂಜೆ ಅವಳು ವಿಭಾಗಕ್ಕೆ ಬಂದಾಗ ಹಣಗಿ ಎಲೆ ಅಡಿಕೆ ಹಾಕಿಕೊಳ್ಳುತ್ತ ಕೂತಿದ್ದ.

"ಸರ, ಮಾತು ಕೊಟ್ಟಿದ್ರಿ."

"ಕೊಟ್ಟ ಮಾತಿನ್ಯಾಗ ಸುಳ್ಳು ಎಲ್ಲೈತ್ರಿ? ನಿಮ್ಮ ಹೆಸರ ಬರಲಿಲ್ಲ. ಕೈ ಎತ್ತೋ ಪ್ರಸಂಗನ ಬರಲಿಲ್ಲ. ನನ್ನ ಮಾತು ಖರೇನ ಉಳೀತು." ಹಣಗಿ ಎದ್ದು ನನ್ನ ವೈರನ್ನು ಗೋಡೆಗೆ ಚುಚ್ಚಿದ. ಎರಡು ಸ್ವಿಚ್ಚನ್ನೂ ಮುಟ್ಟಲಿಲ್ಲ. ನಾನು ಉರಿದೆ. "ನೋಡ್ರಿ, ನೀವ ಮಾಡಿಸಿದ ಪೆಟಗಿ ಸಾಕ್ಷಿ ಹೇಳಾಕತ್ತೈತಿ!"

ಉರಿಯದೆ ನನಗೆ ಬೇರೆ ದಾರಿ ಇರಲಿಲ್ಲ. ನನ್ನನ್ನು ಹುಟ್ಟಿಸಿದವಳ ಕಣ್ಣೆದುರು, ಅವಳ ಅನ್ನ ಕಿತ್ತುಕೊಂಡವನ ಪರವಾಗಿ, ಹಲ್ಲು ಕಿರಿದುಕೊಂಡು ಉರಿದೆ. ಆ ನಾಚಿಕೆಯನ್ನು ಏನೆಂದು ಹೇಳಲಿ? ಇವನ ಮಾತಿಗೆ ಒಂದು ದಿನ ಆರಲೇಬೇಕು ಎಂಬ ಹಟ ನನಗೆ ಅವತ್ತೇ ಹತ್ತಿತು.

ಕಮಲಾಕ್ಷಿ ಅಳಲಿಲ್ಲ. ಹಣಗಿ ಹೋದ ಮೇಲೆ ನನ್ನ ಎದುರು ಕೂತು ಎಡಗಡೆಯ ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡಳು. "ಇದನ್ನ ಯಾರರ ಒತ್ತಬೇಕು. ಇದನ್ನ ಒತ್ತೋತನಕ ಅವರು ಖರೇನ ಇರ್ತಾರ" ಎಂದು ತನ್ನಷ್ಟಕ್ಕೆ ಹೇಳಿಕೊಂಡಳು.

ಮಳೆಗಾಲಕ್ಕೆ ಅವಳನ್ನು ಮತ್ತೆ ಹಂಗಾಮಿಯಾಗಿಯೇ ಕರೆದರು. ಕರೆದಾಗ ಬಂದಳು. ಎಲ್ಲರಿಗೂ ಅದೊಂದು ಆಶ್ಚರ್ಯ. ಆ ಚಳಿಗಾಲದ ಗ್ಯಾದರಿಂಗಿನಲ್ಲಿ, ಅಂದರೆ ಕಾಲೇಜಿನ ವಾರ್ಷಿಕೋತ್ಸವದಲ್ಲಿ, ಪ್ರತಿ ವಿಭಾಗದ ಪ್ರದರ್ಶನವಿತ್ತು. ಅವಳು ನನ್ನನ್ನು ಒರೆಸಿ ಮೇಜಿನ ಮೇಲಿಟ್ಟಳು. ಮಂಡಳಿಯ ಅಧ್ಯಕ್ಷರು ಅಂದಾನೆಪ್ಪ ಸಾವಕಾರರು, ಹತ್ತಿ ವ್ಯಾಪಾರದವರು, ಉಳಿದ ಸದಸ್ಯರನ್ನು ಹಿಂದೆ ಕಟ್ಟಿಕೊಂಡು ಚಹಾ ಕುಡಿಯುತ್ತ ಬಂದರು. ಪಕ್ಕದಲ್ಲಿ ಹಣಗಿ, ಅವನ ಹಿಂದೆ ಅಳಿಯ.

"ಏನ್ರಿ ಅಕ್ಕೋರ ಇದು?"

"ಮಾತು ಖರೆಯೋ ಸುಳ್ಳೋ ತೋರಸೋ ಪೆಟಗೀರಿ."

"ಹಂಗಾದ್ರ ಇದನ್ನ ಹತ್ತಿ ಪ್ಯಾಟ್ಯಾಗ ಇಡ್ರಿ. ದಲಾಲರೆಲ್ಲಾ ಊರು ಬಿಟ್ಟು ಓಡ್ತಾರ!" ಎಲ್ಲರೂ ನಕ್ಕರು. ಸಾವಕಾರರಿಗೆ ಸ್ವಿಚ್ಚು ಕಂಡರೆ ಒತ್ತುವ ಆಸೆ. "ಒಂದು ಮಾತು ಹಾಕಿ ತೋರಸ್ರಿ."

"ಇಲ್ಲೇ ಇದ್ದೋರ ಮಾತ ಹಾಕೋಣಲ್ರಿ. ಮಂಡಳಿ ಮುಂದ ನನ್ನ ಹೆಸರು ಬಂದ್ರ ಎಲ್ಲಾರಕಿಂತ ಮೊದಲ ಕೈ ಎತ್ತತೇನಿ ಅಂತ ಹಣಗಿ ಸರ ಹೇಳ್ಯಾರ. ಹೌದಲ್ರಿ ಸರ?"

ಹಣಗಿ ಇಲ್ಲ ಎನ್ನುವಂತಿರಲಿಲ್ಲ. ಇಲ್ಲ ಎಂದರೆ ಅದೇ ಅವನ ಮೊದಲ ಸುಳ್ಳಾಗುತ್ತಿತ್ತು. "ಹೌದು" ಎಂದ.

"ಹೆಸರು ಬಂದಿಲ್ರಿ. ಅದಕ್ಕ ದೀಪ ಉರ್ಯಾಕತ್ತೈತಿ. ಗ್ರೀಕರ ಶಿಷ್ಯನ ಲೆಕ್ಕದಾಗ ಸರ ಖರೆ. ಗುರುವಿನ ಲೆಕ್ಕ ಬ್ಯಾರೆ ಐತ್ರಿ. ಮುಂದ ಎಂದರ ಹೆಸರು ಬಂದು ಸರ ಕೈ ಎತ್ತಲಾರದ ಇರಬಹುದು ಅನ್ನೂವಂಗಿದ್ರ, ಮಾತು ಇವತ್ತ ಸುಳ್ಳು."

ಸಾವಕಾರರು ಹಣಗಿಯ ಮುಖ ನೋಡಿದರು. ವ್ಯಾಪಾರದ ಕಣ್ಣು, ಅದಕ್ಕೆ ಹೆಚ್ಚು ಹೇಳುವುದೇ ಬೇಡ. "ಎಂದರ ಯಾಕ? ಮಂಡಳಿಯವರೆಲ್ಲಾ ಇಲ್ಲೇ ಅದೀವಿ. ಅಧ್ಯಕ್ಷ ನಾನ ಕಾಯಂ ಜಾಗಕ್ಕ ಅಕ್ಕೋರ ಹೆಸರ ತಂದೀನಿ, ತಗೋರಿ" ಎಂದು ಎಡಗಡೆಯ ಸ್ವಿಚ್ಚನ್ನು ತಾವೇ ಒತ್ತಿದರು.

ನಾನು ಆರಿದೆ. ಆಹಾ, ಎಂಥ ಸುಖ! ಇನ್ನು ಇವನು ಕೈ ಎತ್ತಬಾರದು, ಈ ಕತ್ತಲೆ ಹೀಗೇ ಇರಬೇಕು, ಊರೆಲ್ಲ ಇವನನ್ನು ಸುಳ್ಳ ಎಂದು ಉಗಿಯಬೇಕು ಎಂದು ನನ್ನ ಒಂದೊಂದು ಮೊಳೆಯೂ ಬೇಡಿಕೊಂಡಿತು. ಹಣಗಿ ಅಳಿಯನ ಕಡೆ ನೋಡಿದ, ನನ್ನ ಕಡೆ ನೋಡಿದ. ಆಮೇಲೆ ಕೈ ಎತ್ತಿದ. ಅವನ ಹಿಂದೆ ಉಳಿದ ಕೈಗಳೂ ಎದ್ದವು. ಕಮಲಾಕ್ಷಿ ಬಲಗಡೆಯದನ್ನು ಒತ್ತಿದಳು, ನಾನು ಹೊಟ್ಟೆ ಉರಿದುಕೊಂಡೇ ಉರಿದೆ.

ಅವಳಿಗೆ ಜಾಗ ಕಾಯಂ ಆಯಿತು, ಅಳಿಯ ವರ್ಷ ಮುಗಿಸಿ ಬೇರೆ ಊರಿಗೆ ಹೋದ. ವಿರೂಪಾಕ್ಷ ಪೇಢೆ ತಂದು, "ಯಕ್ಕಾ, ಅವರು ಸುಳ್ಳಾಗಿದ್ರ ಇನ್ನೂ ಮಜಾ ಬರತಿತ್ತಲಾ" ಎಂದ. ನನ್ನ ಮನಸ್ಸಿನಲ್ಲಿದ್ದದ್ದನ್ನೇ ಹೇಳಿದ್ದ. ಅವಳು ತಲೆ ಅಲ್ಲಾಡಿಸಿದಳು. "ಸುಳ್ಳಾಗಿದ್ರ ಮಂದಿ ನಕ್ಕು ಮರೀತಿದ್ರು. ಕೊಟ್ಟ ಮಾತು ನಡಸೋದಂದ್ರ ಏನಂತ ಈಗ ಗೊತ್ತಾಗಲಿ. ದಿನಾ ನನ್ನ ಮಾರಿ ನೋಡಕೋತ ಕುಂದರಲಿ."

ಹಣಗಿ ಕುಂತ, ನಿವೃತ್ತಿಯಾಗುವ ತನಕ ಅವಳ ಎದುರಿನ ಮೇಜಿನಲ್ಲೇ. ಅವನು ಬಾಯಲ್ಲಿ 'ಬಂದ್ರ', 'ಆದ್ರ' ಎಂದ ಕೂಡಲೇ ರಮಜಾನ್ ಮುಗ್ಧನಂತೆ "ಎಡಗಡೇದು ಯಾರು ಒತ್ತಬೇಕ್ರಿ ಸರ?" ಎನ್ನುತ್ತಿದ್ದ. ಹುಡುಗರೂ ಕಲಿತರು. ಬರಬರುತ್ತ ಹಣಗಿ ಆ ಮಾತನ್ನೇ ಬಿಟ್ಟ. ತರ್ಕದ ಪ್ರೊಫೆಸರು, 'ಮಳೆ ಬಂದರೆ' ಎನ್ನಲಿಕ್ಕೂ ಹೆದರುವನು. ಕಮಲಾಕ್ಷಿ ಒಂದು ಸಲವೂ ನಗಲಿಲ್ಲ, ಒಂದು ಸಲವೂ ಅವನಿಗೆ ಚಹಾ ಹಾಕಿಕೊಡಲಿಲ್ಲ. ನಾನು ಕಪಾಟಿನ ಮೇಲೆ ಕೂತು ಇದನ್ನೆಲ್ಲ ಸವಿಯುತ್ತಿದ್ದೆ.

ನಿವೃತ್ತಿಯ ದಿನ ಹಾರ ಕೈಯಲ್ಲಿ ಹಿಡಿದುಕೊಂಡು ಅವನು ಅವಳ ಮೇಜಿನ ಹತ್ತಿರ ಬಂದ. ಎಷ್ಟೋ ವರ್ಷದ ಮೇಲೆ ಆ ಮಾತು ಅವನ ಬಾಯಿಂದ ಹೊರಬಿತ್ತು.

"ನಾ ಸತ್ರ ಮಣ್ಣಿಗೆ ಬರತೀರೇನು, ಬಾಯಾರ?"

ಅವಳು ತಲೆ ಎತ್ತದೆ "ಬರತೇನ್ರಿ ಸರ" ಎಂದಳು.

ಹಣಗಿ ಬುದ್ಧಿವಂತ. ಈ ಷರತ್ತನ್ನು ಯಾರಿಂದಲೂ ತಡೆಯಲಿಕ್ಕೆ ಆಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

ಅವನು ಸತ್ತದ್ದು ಒಂದು ಶ್ರಾವಣದಲ್ಲಿ. ರಮಜಾನ್ ಬಾಗಿಲಲ್ಲಿ ನಿಂತು, "ಅಕ್ಕೋರ, ಹಣಗಿ ಸರ ತೀರಕೊಂಡ್ರಂತ. ಮಧ್ಯಾಹ್ನ ಮಣ್ಣು. ಗಾಡಿ ನಿಂತೈತಿ, ಎಲ್ಲಾರೂ ಹೊಂಟಾರ" ಎಂದ. "ನೀ ನಡಿ" ಎಂದಳು. ಗಾಡಿ ಹೋದ ಸದ್ದು ಕೇಳಿಸಿತು. ಅವಳು ನನ್ನನ್ನು ಕಪಾಟಿನ ಮೇಲಿಂದ ಇಳಿಸಿ, ವೈರು ಚುಚ್ಚಿ, ಎಡಗಡೆಯದನ್ನು ಒತ್ತಿದಳು. ನಾನು ಆರಿದೆ. ಬೆರಳು ಬಲಗಡೆಯದರ ಹತ್ತಿರ ಹೋಗಿ ನಿಂತಿತು. ಒತ್ತಲಿಲ್ಲ. ಕೈ ಮಡಚಿ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಳು.

ಹೊತ್ತು ಇಳಿದ ಮೇಲೆ ರಮಜಾನ್ ತಿರುಗಿ ಬಂದ. ಕಾಲಿಗೆಲ್ಲ ಕೆಸರು.

"ಭಾಳ ಹೊತ್ತಾತ್ರಿ ಅಕ್ಕೋರ. ನೀವು ಮಾತು ಕೊಟ್ಟೀರಂತ, ಬಂದ ಬರತೀರಂತ, ನೀವು ಬರೂತನಕ ಎತ್ತಬ್ಯಾಡ್ರಿ ಅಂತ ಸರ ಮನ್ಯಾಗ ಹೇಳಿಟ್ಟಿದ್ರಂತ. ಮಂದಿ ಮಳ್ಯಾಗ ನಿಂತು ಕಾದರು."

"ಕಾಯಲಿ" ಎಂದಳು ಕಮಲಾಕ್ಷಿ. "ನಾನೂ ಕಾದಿದ್ದೆ."

ಆಮೇಲೆ ಅವಳು ನನ್ನನ್ನು ತರಗತಿಗೆ ಒಯ್ಯಲಿಲ್ಲ. ಈಗ ನಾನು ಮುರಿದ ಗ್ಲೋಬು, ಹರಿದ ನಕಾಶೆಗಳ ಜೊತೆ ಕಾಲೇಜಿನ ಸ್ಟೋರ್ ರೂಮಿನಲ್ಲಿದ್ದೇನೆ. ನನ್ನ ವೈರನ್ನು ಇಲಿ ತಿಂದಿದೆ. ಯೋಚನೆ ಮಾಡಲು ಬೇಕಾದಷ್ಟು ಹೊತ್ತಿದೆ, ಯೋಚನೆ ಮಾತ್ರ ಒಂದೇ. ಹಣಗಿ ಸುಳ್ಳು ಆಡದೆಯೇ ಹೋದ. ಅವನ ಮಾತಿಗೆ ಆರಬೇಕೆಂದು ಕಾದು ಕೂತಿದ್ದ ನಾನು ಕೊನೆಗೆ ಆರಿದ್ದು ಅವಳ ಮಾತಿಗೆ. ಅವಳದೇನೂ ತಪ್ಪಿಲ್ಲ, ಅವಳ ಜಾಗದಲ್ಲಿದ್ದರೆ ನಾನೂ ಹೋಗುತ್ತಿರಲಿಲ್ಲ. ಬದುಕಿದ್ದಾಗ ಅವನು ಮಾಡಿದ್ದನ್ನೆಲ್ಲ ಬೇಕಾದರೆ ಮರೆತೇನು. ಸತ್ತು ಅವಳನ್ನು ಸುಳ್ಳಾಡಿದವಳನ್ನಾಗಿ ಮಾಡಿ ಹೋದನಲ್ಲ, ಅದನ್ನು ಮರೆಯಲಾರೆ.