ಮುದುಕವ್ವನ ಹೆಸರಿಗೆ ಒಂದು ಕಿರೀಟ

ಸಮಸ್ತ ಪ್ರಜೆಗಳಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಚನ್ನವೀರಪ್ಪನವರ ಎಡಗಾಲಿಗೆ ಜೋಮು ಹಿಡಿದಿದೆ, ಹಿಡಿದದ್ದು ಹಿಮ ಮುಚ್ಚಿದ ಬೆಟ್ಟದ ನೆತ್ತಿ ಮೇಲೂ ಹೌದು, ಬೆಂಗಳೂರಿನ ಹೂಡಿಯ ಅಪಾರ್ಟ್‌ಮೆಂಟಿನ ಸೋಫಾ ಮೇಲೂ ಹೌದು, ಕಾಲು ಜಾಡಿಸೋಣ ಅಂದ್ರೆ ಆಟದ ರಿಮೋಟ್ ಹಿಡಿದ ಕೈ ಸಡಿಲ ಬಿಡಬೇಕು, ಕೈ ಬಿಟ್ರೆ ಟೀವಿ ಒಳಗಿರೋ ಆ ರೆಕ್ಕೆ ಬಂದ ಹಲ್ಲಿ ಬೆಂಕಿ ಉಗಿಯುತ್ತೆ, ಉಗಿದ್ರೆ ಮುಗೀತು, ಮತ್ತೆ ಬೆಟ್ಟದ ಬುಡದಿಂದ ಹತ್ತಬೇಕು, ಇರ್ಲಿ, ಕಾಲು ಹೋದ್ರೆ ಹೋಗ್ಲಿ, ರಾಜ್ಯ ಬರ್ಲಿ — ಅಡುಗೆಮನೆಯಿಂದ ಉಪ್ಪಿಟ್ಟಿನ ಒಗ್ಗರಣೆ ಘಾಟು ಬರ್ತಿದೆ, ಸಿದ್ದಮ್ಮ ಕೂಗ್ತಿದ್ದಾಳೆ, ಏನ್ರಿ, ತಟ್ಟೆ ಹಚ್ಚಲ್ಯಾ, ತಡಿ ತಡಿ, ಮೊದಲು ಸಂಹಾರ ಆಗ್ಲಿ, ಆಮೇಲೆ ಉಪಾಹಾರ, ಅದೇನ್ ಸಂಹಾರನೋ, ಮಧ್ಯಾಹ್ನ ತೊಟ್ಟಿಲ ಶಾಸ್ತ್ರ ಇಟ್ಕೊಂಡು, ಬೀಗರ ಮುಂದೆ ಚಡ್ಡಿ ಹುಡುಗನ ಹಂಗ ಕುಂತೀರಿ, ಅಂತ ಗೊಣಗ್ತಾ ಸೌಟು ಬಡೀತಾಳೆ ಹೆಂಡತಿ, ಅವಳಿಗೇನು ಗೊತ್ತು ಬೀಗರೂ ಅದೇ ಚಡ್ಡಿ ಹುಡುಗರ ಗುಂಪು ಅಂತ, ಪಕ್ಕದಲ್ಲೇ ಕೂತಿದ್ದಾರಲ್ಲ ಬೀಗರು, ಅಳಿಯ ವಿಶ್ವನಾಥನ ತಂದೆ ನೀಲಪ್ಪ, ದಾವಣಗೆರೆಯಲ್ಲಿ ಹೆಡ್‌ಮಾಸ್ತರಾಗಿ ರಿಟೈರ್ ಆದವರು, ಪೇಪರ್ ಬಿಡಿಸಿಕೊಂಡಿದ್ದಾರೆ, ಓದ್ತಿಲ್ಲ, ಪೇಪರಿನ ಮೇಲಂಚಿನಿಂದ ಹಲ್ಲಿ ಕಡೆ ನೋಡ್ತಿದ್ದಾರೆ, ಹಲ್ಲಿ ಕಡೆಯವರೇ ಅವರು, ಈ ಮನುಷ್ಯರಿಗೆ ಬೀಗರು ಅಂತ ಕರೆಯೋದು ಯಾಕೋ, ಬಾಯಿಗೆ ಬೀಗ ಇಲ್ಲ, ಬೀಗೋದು ಒಂದು ಗೊತ್ತು, ಏನ್ರೀ ಬೀಗ್ರೆ, ಔಷಧಿ ಮುಗೀತಾ ಬಂತಲ್ರೀ, ನಿಮ್ಮ ವೀರನ ಜೀವದ ಆ ಕೆಂಪು ಗೆರೆ ನೋಡ್ರಿ, ಇಷ್ಟೇ ಇಷ್ಟು, ಮುಗೀಲಿ ಬಿಡ್ರಿ ಬೀಗರ, ನನ್ನ ಬಿಪಿ ಗುಳಿಗಿ ಅದಾವಲ್ಲ ಜೇಬಿನ್ಯಾಗ.

ನಗು ಬರುತ್ತೆ, ನಗಬಾರದು, ನಕ್ಕರೆ ಹೆಬ್ಬೆರಳು ಜಾರುತ್ತೆ, ಪೀಣ್ಯದಲ್ಲಿ ಮೂರು ದಶಕ ಲೇತಿನ ಹಿಡಿ ತಿರುಗಿಸಿದ ಹೆಬ್ಬೆರಳು ಇದು, ಉಳಿ ಕೂದಲೆಳೆಯಷ್ಟು ಒಳಗೆ ಹೋದರೆ ಕಬ್ಬಿಣ ಕೆಟ್ಟಿತು ಅಂತ ಗೊತ್ತಿರೋ ಹೆಬ್ಬೆರಳು, ಎಡಕ್ಕೆ ಸ್ವಲ್ಪ, ಇನ್ನೂ ಸ್ವಲ್ಪ, ಗುರಾಣಿ ಮೇಲೆ, ಹಾಂ, ಉಗಿದ ಬೆಂಕಿ ಹೋಯ್ತು ಪಕ್ಕಕ್ಕೆ — ಪಂದ್ಯ ಅಂದ್ರೆ ಪಂದ್ಯ, ಇದು ಶುರುವಾದದ್ದು ಕೂಸಿನ ಹೆಸರಿಂದ, ಆಸ್ಪತ್ರೆಯಿಂದ ಮಗಳು ಶೈಲಶ್ರೀ ಕೂಸನ್ನ ಎತ್ಕೊಂಡು ಈ ಫ್ಲ್ಯಾಟಿಗೆ ಬಂದ ದಿನದಿಂದ ಇಬ್ಬರು ಅಜ್ಜಂದಿರಿಗೂ ಒಳಗಿನ ಕೋಣೆಗೆ ಪ್ರವೇಶ ಇಲ್ಲ, ಬಾಣಂತಿ ಕೋಣೆ, ಹೊಗೆ, ಎಣ್ಣೆ, ಬೆಳ್ಳುಳ್ಳಿ, ಹೊರಗೆ ಕೂತ್ಕೊಳ್ರಪ್ಪ ಅಂತ ಅಟ್ಟಿಬಿಟ್ಟರು, ಹಾಲ್‌ನಲ್ಲಿ ಮಾಡೋದೇನು, ವಿಶ್ವನಾಥನ ಈ ಆಟದ ಪೆಟ್ಟಿಗೆ ಇತ್ತು, ಇಂಗ್ಲಿಷ್ ನನಗೆ ಬರ್ತದೆ ಅಂತ ತೋರಿಸೋಕೆ ಬೀಗರು ಮೊದಲು ಹಿಡಿದರು, ಬೀಗರು ಹಿಡಿದರು ಅಂತ ಇವರೂ ಹಿಡಿದರು, ಅವರದೊಬ್ಬ ವೀರ, ಇವರದೊಬ್ಬ ವೀರ, ಬೆಳಿಗ್ಗೆ ಇವರ ಪಾಳಿ, ಮಧ್ಯಾಹ್ನ ಅವರ ಪಾಳಿ, ಫ್ಯಾಕ್ಟರಿ ಶಿಫ್ಟಿನ ಹಂಗೆ, ಆಮೇಲೆ ಒಂದಿನ ಉಣ್ಣೋವಾಗ ಹೆಸರಿನ ಜಗಳ ಎದ್ದಿತು, ನೀಲಪ್ಪನವರಿಗೆ ಶಿವಾನಿ ಅಂತ ಆಗ್ಬೇಕು, ಇವರಿಗೆ ಮುದುಕವ್ವ ಅಂತ ಆಗ್ಬೇಕು, ವಿಶ್ವನಾಥ ಅನ್ನ ಕಲಸ್ತಾ ಕಲಸ್ತಾ ಬೇಸತ್ತು ಅಂದ, ನೋಡಿ ಮಾವ, ನೋಡಪ್ಪ, ತೊಟ್ಟಿಲ ಶಾಸ್ತ್ರಕ್ಕೆ ಮುಂಚೆ ಆಟದಲ್ಲಿ ಯಾರ ತಲೆ ಮೇಲೆ ಕಿರೀಟ ಕೂರುತ್ತೋ ಅವರು ಹೇಳಿದ ಹೆಸರು, ಇಬ್ಬರಿಗೂ ಕೂರಲಿಲ್ಲ ಅಂದ್ರೆ ಪದ್ಧತಿ ಇದೆಯಲ್ಲ, ಗಂಡಿನ ಕಡೆಯವರದ್ದು, ಅವನು ಅಂದದ್ದು ತಮಾಷೆಗೆ, ಇವರಿಬ್ಬರೂ ಎದ್ದು ಎಂಜಲು ಕೈ ತೊಳ್ಕೊಂಡು ಬಂದು ಕೈ ಕುಲುಕಿದ್ದು ತಮಾಷೆಗಲ್ಲ.

ಕತ್ತು ನಿಲ್ಲದ ಕೂಸಿಗೆ ಮುದುಕವ್ವ ಅಂತೀಯಲ್ಲಪ್ಪಾ, ಸ್ಕೂಲಲ್ಲಿ ಹಾಜರಿ ಕೂಗೋವಾಗ ಅವಳ ಗತಿ ಏನು, ಅಂದಿದ್ದಳು ಶೈಲಶ್ರೀ, ಬಾಗಿಲ ಸಂದಿಯಿಂದ, ತಲೆಗೆ ಸ್ಕಾರ್ಫ್ ಸುತ್ಕೊಂಡು, ಅಳೋದೋ ನಗೋದೋ ಗೊತ್ತಾಗದೆ, ಏನ್ ಹೇಳ್ತೀಯ ಮಗಳಿಗೆ, ಅದು ಚನ್ನವೀರಪ್ಪನವರ ಅವ್ವನ ಹೆಸರು, ಅವ್ವ ಹುಟ್ಟಿದಾಗ ಅವಳಿಗಿಂತ ಮುಂಚಿನ ಕೂಸುಗಳು ನಿಂತಿರಲಿಲ್ಲವಂತೆ, ಇದೊಂದಾದರೂ ಮುದುಕಿ ಆಗೋ ತನಕ ಬಾಳಲಿ ಅಂತ ಆ ಹೆಸರು ಇಟ್ಟರಂತೆ, ಇಟ್ಟರು, ಕರೀಲಿಲ್ಲ, ತವರಲ್ಲಿ ಏ ಹುಡುಗಿ, ಗಂಡನ ಮನೇಲಿ ಇಕಿ, ಹಿರೇಕೆರೂರಿಂದ ಪೀಣ್ಯಕ್ಕೆ ಮಗನ ಹಿಂದೆ ಬಂದಾಗ ಒಂದು ಕೋಣೆಯ ಬಾಡಿಗೆ ಮನೆ, ವಠಾರದ ಬಾಯಲ್ಲೆಲ್ಲ ಲೇತ್ ಚನ್ನಣ್ಣನ ತಾಯಿ, ಬೀದಿ ನಲ್ಲೀಲಿ ಕೊಡ ಇಟ್ಟು ಪಾಳಿ ನಿಂತಾಗ ಏನಮ್ಮಾ ನಿನ್ನ ಹೆಸರು ಅಂತ ಯಾರೋ ಕೇಳಿದ್ದಕ್ಕೆ ನಾಚ್ಕೊಂಡು ಸೆರಗು ಬಾಯಿಗೆ ಇಟ್ಕೊಂಡಿದ್ದಳಲ್ಲ, ಕೊಡ ಹಿಡ್ಕೊಳ್ಳೋಕೆ ಹೋಗಿದ್ದ ಚನ್ನವೀರಪ್ಪ ನೋಡಿದ್ದಾರೆ, ಹೆಸರು ಹೇಳಲಿಲ್ಲ, ಹೇಳೋ ರೂಢಿ ಇರಲಿಲ್ಲ, ಮುದುಕಿ ಆಗೋ ಮುಂಚೆನೇ ಹೋಗಿಬಿಟ್ಟಳು, ಕೂದಲು ಇನ್ನೂ ಕಪ್ಪಿತ್ತು, ಅಂದ್ರೆ ಆ ಹೆಸರು ಇನ್ನೂ ಹೊಸದೇ, ಬಳಸೇ ಇಲ್ಲ, ಪೆಟ್ಟಿಗೆಯಿಂದ ತೆಗೆಯದ ಇಳಕಲ್ ಸೀರೆ ಇದ್ದ ಹಾಗೆ, ಒಂದ್ ಸಲ, ಒಂದೇ ಒಂದ್ ಸಲ ಈ ಮನೇಲಿ ಯಾರಾದರೂ ಮುದುಕವ್ವಾ, ಬಾರವ್ವಾ, ಹಾಲು ಕುಡಿ ಬಾ ಅಂತ ಮುದ್ದಿಂದ ಕೂಗೋದನ್ನ ಕೇಳಬೇಕು, ಇಷ್ಟೇ, ಇದನ್ನ ಬೀಗರಿಗೆ ಹೇಳಿದರೆ ಅಯ್ಯೋ ಪಾಪ ಅಂತ ಬಿಟ್ಟುಕೊಟ್ಟಾರು, ಬಿಟ್ಟುಕೊಟ್ಟದ್ದು ಬೇಡ, ಗೆದ್ದದ್ದು ಬೇಕು, ಅವ್ವನ ಹೆಸರು ಭಿಕ್ಷೆಗೆ ಬರಬಾರದು, ಕುದುರೆ ಮೇಲೆ ಬರಬೇಕು.

ಕುದುರೆ ಅಂದ್ರೆ ಕುದುರೆ, ಆಹಾ, ಪೀಣ್ಯದಿಂದ ಹೂಡಿಗೆ ಬರಬೇಕು ಅಂದ್ರೆ ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಒಂದು ಜನ್ಮ, ಟಿನ್ ಫ್ಯಾಕ್ಟರಿ ಹತ್ರ ಇನ್ನೊಂದು ಜನ್ಮ, ಈ ಆಟದ ರಾಜ್ಯದಲ್ಲಿ ಉತ್ತರದ ಹಿಮದಿಂದ ದಕ್ಷಿಣದ ಸಮುದ್ರಕ್ಕೆ ಒಂದು ಲೋಟ ಚಹಾ ಆರೋದರೊಳಗೆ ಹೋಗಿಬರ್ತಾರೆ ಚನ್ನವೀರಪ್ಪ, ಪೆಟ್ರೋಲ್ ಇಲ್ಲ, ಪೊಲೀಸಪ್ಪ ಇಲ್ಲ, ಎಲ್ಲಿ ನೋಡಿದರೂ ಕೆರೆ, ಮತ್ತೆ ಆ ಕೆರೆಗಳಲ್ಲಿ ನೀರಿದೆ, ನೊರೆ ಇಲ್ಲ, ಬೆಳ್ಳಂದೂರಿನವರು ನೋಡಿದರೆ ಅತ್ತುಬಿಡ್ತಾರೆ, ಬೀಗರು ಸೀದಾ ಹೆದ್ದಾರಿ ಹಿಡಿದವರು, ಕೊಲ್ಲು, ಮುಂದೆ ಹೋಗು, ಕೊಲ್ಲು, ಈಗ ಜೌಗು ನೆಲದಲ್ಲಿ ಸಿಕ್ಕಿ ದಿನಾ ಸಾಯ್ತಿದ್ದಾರೆ, ಇವರಿಗೆ ಆ ಬುದ್ಧಿ ಇಲ್ಲ, ದಾರೀಲಿ ಯಾವಳೋ ಮುದುಕಿ ನನ್ನ ಮೇಕೆ ಕಳೆದಿದೆ ಅಂದ್ರೆ ಇಳೀತಾರೆ, ಹುಡುಕ್ತಾರೆ, ಕಮ್ಮಾರ ಇದ್ದಿಲು ತಂದುಕೊಡು ಅಂದ್ರೆ ತಂದುಕೊಡ್ತಾರೆ, ನಿಮಗ್ಯಾಕ್ರೀ ಊರ ಉಸಾಬರಿ ಅಂತ ಬೀಗರು ನಕ್ಕಿದ್ದರು, ಪಾಪ ಕೇಳ್ತಾಳಲ್ರೀ ಬೀಗರ, ಇಲ್ಲ ಅನ್ನಲಿಕ್ಕೆ ಹೆಂಗಾಗ್ತದ, ಅಂದಿದ್ದರು ಇವರು, ಆ ಕಮ್ಮಾರ ಕೊಟ್ಟ ಕತ್ತಿನೇ ಈಗ ಕೈಲಿರೋದು, ಆ ಮೇಕೆಯವಳು ಕೊಟ್ಟ ಕಷಾಯನೇ ಈಗ ಕುಡೀತಿರೋದು, ಕುಡಿ, ಕುಡಿ, ಕೆಂಪು ಗೆರೆ ಏರಿತು, ನೋಡ್ರಿ ಬೀಗರ, ಏರಿತು, ಹಲ್ಲಿ ಕೆಳಗಿಳೀತಿದೆ, ಇಳೀಲಿ, ಇನ್ನೂ ಹತ್ರ, ಬಾರೋ ಮಗನೇ, ಜೋಮು ಮೊಣಕಾಲು ತನಕ ಬಂದಿದೆ, ಬರ್ಲಿ, ಈಗ — ಒತ್ತು — ಒತ್ತು — ಹೊಟ್ಟೆ ಕೆಳಗೆ, ಮೆತ್ತಗಿರೋ ಕಡೆ, ಕತ್ತಿ ಹಿಡಿ ತನಕ ಹೋಯ್ತು, ಬೆಟ್ಟ ಅಲುಗಿತು, ಸೋಫಾ ಅಲುಗಿತು, ಬಿತ್ತು, ಬಿತ್ತಲೇ ಸಿದ್ದೀ, ಬಿತ್ತು!

ಸಿದ್ದಮ್ಮ ಸೌಟು ಹಿಡ್ಕೊಂಡು ಓಡಿಬಂದಳು, ಯಾರು ಬಿದ್ರು, ಬೀಗರು ಬಿದ್ರಾ, ಇಲ್ಲಮ್ಮಾ ಹಲ್ಲಿ ಬಿತ್ತು, ಅಂತ ನೀಲಪ್ಪನವರೇ ಪೇಪರ್ ಮಡಚಿ ಹೇಳಿದರು, ದನಿ ಸ್ವಲ್ಪ ಒಣಗಿತ್ತು, ಆದರೂ ಹೆಡ್‌ಮಾಸ್ತರು ಹೆಡ್‌ಮಾಸ್ತರೇ, ಭಲೇ ಬೀಗ್ರೆ, ಒಪ್ಪಿದೆ ಕಣ್ರೀ, ಅಂತ ಬೆನ್ನು ತಟ್ಟಿದರು, ಬೆನ್ನು ತಟ್ಟಿಸಿಕೊಂಡಾಗ ಚನ್ನವೀರಪ್ಪನವರ ಎದೆ ಈ ಹಾಲ್ ದಾಟಿ, ಬಾಲ್ಕನಿ ದಾಟಿ, ಟೆಕ್ ಪಾರ್ಕಿನ ಗಾಜಿನ ಗೋಡೆಗೆ ತಾಗೋ ಅಷ್ಟು ಉಬ್ಬಿತು, ವಿಶ್ವನಾಥ ತೊಟ್ಟಿಲಿಗೆ ಹೂವು ಕಟ್ಟೋದು ಬಿಟ್ಟು ಬಂದ, ಮಾವ, ಮುಗಿಸ್ಬಿಟ್ರಾ, ಸಕ್ಕತ್ ಮಾವ, ನಮ್ಮ ಟೀಮಲ್ಲೇ ಇನ್ನೂ ಯಾರೂ ಮುಗಿಸಿಲ್ಲ, ಶೈಲಶ್ರೀ ಕೂಸನ್ನ ಎತ್ಕೊಂಡು ಬಾಗಿಲಿಗೆ ಬಂದಳು, ಅಪ್ಪಾ, ನಿಜವಾಗ್ಲೂ ಮುದುಕವ್ವ ಅಂತಲೇ ಇಡೋದಾ, ಅಂದಳು, ಅನ್ನುತ್ತಾ ಕೂಸಿನ ಮುಖ ನೋಡಿದಳು, ನೋಡಿ, ಏನ್ ಮುದುಕವ್ವಾ, ಅಂತ ಸುಮ್ನೆ ರುಚಿ ನೋಡೋ ಹಾಗೆ ನಾಲಿಗೆ ಮೇಲಿಟ್ಟು ನೋಡಿದಳು, ನಕ್ಕಳು, ಚೆನ್ನಾಗೇ ಇದೆ ಕಣ್ರೀ, ಅಂದಳು ಗಂಡನಿಗೆ, ಕೇಳಿಸಿತು, ಕೇಳಿಸಿತು ಚನ್ನವೀರಪ್ಪನವರಿಗೆ, ಕಿವಿ ಬಿಸಿಯಾಯ್ತು, ಜೋಮು ಇಳೀತು, ಟೀವಿ ಒಳಗೆ ಊರಿಗೆ ಊರೇ ಬೀದಿಗಿಳಿದಿದೆ, ಹೂವು ಎರಚ್ತಿದ್ದಾರೆ, ತುತ್ತೂರಿ ಊದ್ತಿದ್ದಾರೆ, ಮೇಕೆಯವಳು, ಕಮ್ಮಾರ, ಎಲ್ಲ ಬಂದಿದ್ದಾರೆ, ಉಸಾಬರಿ ಮಾಡಿದ್ದಕ್ಕೆ ಉಡುಗೊರೆ ನೋಡ್ರಿ ಬೀಗರ, ಕುದುರೆ ತಾನಾಗೇ ಅರಮನೆ ಕಡೆ ಹೋಗ್ತಿದೆ, ಹಿಂದೆ ಮೂಟೆ ಹೊತ್ಕೊಂಡು ಆ ಗಿಡ್ಡ ಅಡುಗೆಯವನು, ಆಟದ ಉದ್ದಕ್ಕೂ ಇವರ ಸಾಮಾನು ಹೊತ್ತವನು.

ಸಭೆ, ಎಂಥಾ ಸಭೆ, ಕಂಬ ಕಂಬಕ್ಕೂ ದೀಪ, ನಡುವೆ ಬಿಳಿ ಗಡ್ಡದ ಗುರುಗಳು, ನಮ್ಮ ಮಠದವರ ಹಾಗೇ ಕಾಣ್ತಾರೆ, ಎರಡು ಕೈಲಿ ಕಿರೀಟ, ಇವರು ಮಂಡಿಯೂರಿ ಕೂತರು, ಕಿರೀಟ ತಲೆ ಮೇಲೆ ಬಂತು, ಒಂದು ಗೇಣು ಮೇಲೆ, ಅಲ್ಲೇ ನಿಂತಿತು, ಗುರುಗಳು ಇಂಗ್ಲಿಷಲ್ಲಿ ಕೇಳಿದರು, ನೀಲಪ್ಪನವರು ಕನ್ನಡ ಮಾಡಿ ಹೇಳಿದರು, ಈ ಕಿರೀಟ ನೀನು ಸ್ವೀಕರಿಸ್ತೀಯಾ ಅಂತ ಕೇಳ್ತಾ ಇದಾರೆ ನೋಡ್ರಿ, ಕೆಳಗೆ ಎರಡು ಸಾಲು, ಮೇಲಿನದು ಸ್ವೀಕರಿಸ್ತೇನೆ, ಕೆಳಗಿನದು ನಾನು ಅದಕ್ಕೆ ತಕ್ಕವನಲ್ಲ, ಇಡೀ ಮನೆ ನೋಡ್ತಿದೆ, ಬೀಗರು ಪಕ್ಕದಲ್ಲಿದ್ದಾರೆ, ಗಂಡಿನ ಕಡೆಯವರು, ಅಳಿಯ ನಿಂತಿದ್ದಾನೆ, ಗುರುಗಳಂಥವರು ತುಂಬಿದ ಸಭೇಲಿ ಕೇಳ್ತಿದ್ದಾರೆ, ಕೇಳಿದ ತಕ್ಷಣ ಹೂಂ ಕೊಡ್ರಿ ಅಂತ ಕೈ ಚಾಚೋದು ಎಂಥಾ ಮರ್ಯಾದೆ, ಹೋಳಿಗೆ ಬಡಿಸೋಕೆ ಬಂದ್ರೆ ಮೊದಲು ತಟ್ಟೆಗೆ ಕೈ ಅಡ್ಡ ಇಡ್ತಾರೆ, ಶಾಲು ಹೊದಿಸೋಕೆ ಬಂದ್ರೆ ನನಗ್ಯಾಕ್ರಿ, ಹಿರಿಯರಿದ್ದಾರ ಅಂತಾರೆ, ಅವರು ಇರ್ಲಿ ತಗೊಳ್ರಿ ಅಂತಾರೆ, ಛೇ ಛೇ ಅಂತಾರೆ, ಅವರು ಒತ್ತಾಯ ಮಾಡ್ತಾರೆ, ಆಮೇಲೆ ತಲೆ ಬಗ್ಗಿಸ್ತಾರೆ, ಶಾಲು ತಾನೇ ಹೆಗಲ ಮೇಲೆ ಬರುತ್ತೆ, ಹುಟ್ಟಿದಾಗಿನಿಂದ ಹೀಗೇ, ಹೆಬ್ಬೆರಳಿಗೆ ಯಾರೂ ಹೇಳಬೇಕಾಗಿಲ್ಲ, ಅದು ಕೆಳಗಿನ ಸಾಲಿಗೆ ಹೋಗಿ, ಬ್ಯಾಡ್ರಿ ಬ್ಯಾಡ್ರಿ ಅನ್ನೋ ಹಾಗೆ, ಮೆತ್ತಗೆ ಒತ್ತಿತು, ಒತ್ತಿ, ಚನ್ನವೀರಪ್ಪ ನಗುಮುಖ ಮಾಡ್ಕೊಂಡು ಎರಡನೇ ಸಲ ಕೇಳೋದನ್ನ ಕಾಯ್ತಾ ಕೂತರು.

ಗುರುಗಳು ತಲೆಯಾಡಿಸಿದರು, ಎಷ್ಟು ವಿನಯ ಅಂತ ಮೆಚ್ಚಿದ ಹಾಗಿತ್ತು, ಕಿರೀಟ ಮೇಲೇ ಇತ್ತು, ಹಾಂ, ಈಗ ಕೇಳ್ತಾರೆ, ಈಗ — ಕೈಗಳು ಪಕ್ಕಕ್ಕೆ ಸರಿದವು, ಇವರ ತಲೆ ದಾಟಿ, ಹಿಂದೆ ಮೂಟೆ ಹೊತ್ಕೊಂಡು ನಿಂತಿದ್ದ ಗಿಡ್ಡ ಅಡುಗೆಯವನ ಕಡೆ, ಅವನನ್ನೂ ಒಂದೇ ಸಲ ಕೇಳಿದರು, ಅವನು ಮೂಟೆ ಕೆಳಗಿಟ್ಟು ಒಂದೇ ಸಲ ಹೂಂ ಅಂದ, ನಾಚಿಕೆಗೆಟ್ಟವನು, ತುತ್ತೂರಿ ಊದಿತು, ಆಟ ತಯಾರಿಸಿದವರ ಹೆಸರುಗಳು ಟೀವಿ ತುಂಬ ಮೇಲಕ್ಕೆ ಹರಿಯೋಕೆ ಶುರುವಾದವು, ವಿಶ್ವಣ್ಣಾ, ಏನಾತಪ್ಪ ಇದು, ಇನ್ನೊಂದ್ ಸಲ ಕೇಳಲ್ವಾ, ಮಾವ, ಅದು ಕಂಪ್ಯೂಟರ್ ಮಾವ, ಒಂದ್ ಸಲ ಬೇಡ ಅಂದ್ರೆ ಬೇಡ ಅಂತಲೇ, ಹಿಂದಕ್ಕೆ ಹೋಗಪ್ಪ ಹಂಗಾರ, ಹಲ್ಲಿ ಹತ್ರ ಬಿಡು, ಹೋಗೋಕಾಗಲ್ಲ ಮಾವ, ನೀವು ಒತ್ತಿದ ತಕ್ಷಣ ಅದೇ ಬರ್ಕೊಂಡ್ಬಿಟ್ಟಿದೆ, ಹಳೇದರ ಮೇಲೇ, ಆಡಿದ್ರೆ ಮೊದಲಿಂದ ಆಡ್ಬೇಕು, ನೀಲಪ್ಪನವರು ನಗಲಿಲ್ಲ, ಅದೇ ಹೆಚ್ಚಿನ ಸಂಕಟ, ಬೀಗ್ರೆ, ಆಟ ನೀವೇ ಗೆದ್ರಿ ಕಣ್ರೀ, ಬೇಕಾದ್ರೆ ಹೆಸರು ನಿಮ್ಮದೇ ಇಡಾಣ, ಅಂದರು, ಒಂದು ಸಲ ಅಂದರು, ಚನ್ನವೀರಪ್ಪನವರ ಬಾಯಿ ತಾನಾಗೇ ತೆರೀತು, ಛೇ ಛೇ, ಬ್ಯಾಡ್ರಿ ಬೀಗರ, ಪಂದ್ಯ ಅಂದ್ರ ಪಂದ್ಯ, ಅಂತು, ನೀಲಪ್ಪನವರು ಆಗ್ಲಿ ಬಿಡ್ರಿ ನಿಮ್ಮಿಷ್ಟ ಅಂತ ತೊಟ್ಟಿಲ ಹತ್ರ ಹೋದರು, ಕೂಸಿನ ಕಿವೀಲಿ ಹೆಸರು ಹೇಳಬೇಕಾದ ಸೋದರತ್ತೆಗೆ ಅದನ್ನ ಹೇಳಿಕೊಡೋಕೆ, ಶಿ-ವಾ-ನಿ ಅಂತ ಬಿಡಿಸಿ ಬಿಡಿಸಿ, ಅಲ್ಲಿ ಹೆಂಗಸರು ನಕ್ಕರು, ತೊಟ್ಟಿಲು ಕಿರ್ ಅಂತು, ಯಾರೋ ಇವರನ್ನ ಕರೆದರು, ಚನ್ನವೀರಪ್ಪ ಎದ್ದೇಳಲಿಲ್ಲ, ಕಣ್ಣ ಮುಂದೆ ಇನ್ನೂ ಅದೇ, ಎರಡು ಮುದಿ ಕೈ, ನಡುವೆ ಕಿರೀಟ, ತಲೆಗೆ ಒಂದು ಗೇಣು ಮೇಲೆ, ಇಳೀತಿಲ್ಲ, ಕೇಳ್ರಿ, ಇನ್ನೊಂದ್ ಸಲ ಕೇಳ್ರಿ, ಎರಡು ಕೈ, ಒಂದು ಗೇಣು, ಕಿರೀಟ, ಸರೀತಿದೆ, ಕಿರೀಟ