ಬಾಯಿ ಮುಚ್ಚಿದ ಸುಣ್ಣದ ಗೂಡು

ಐವತ್ತೊಂಬತ್ತನೇ ಇಸವಿಯಲ್ಲಿ ಸಿರಾದ ಹೊರಗೆ ನಮ್ಮ ಹೊಲದಲ್ಲಿ ಬಾವಿ ತೋಡಿಸಿದೆವು. ನೀರೇನೋ ಬಂತು, ಆದರೆ ಮಣ್ಣು ಬರೀ ಮರಳು. ಸುತ್ತಲೂ ಅರ್ಧ ಕಲ್ಲು ಕಟ್ಟುವಷ್ಟರಲ್ಲಿ ಗಾರೆಗೆ ಸುಣ್ಣ ಮುಗಿಯಿತು. ದೊಡ್ಡ ಮಳೆಗೆ ಮೊದಲು ಉಳಿದರ್ಧ ಕಟ್ಟದಿದ್ದರೆ ಬಾವಿ ಕುಸಿಯುವುದು ಖಂಡಿತ. ಸುಣ್ಣ ಸುಡುವ ಹಬೀಬ್ ಸಾಬರು ಬಾವಿಯ ಪಕ್ಕದಲ್ಲೇ ಸುಣ್ಣದ ಗೂಡು ಹೂಡಿದರು.

ಕಲ್ಲು ಬೆಂದಿತೋ ಇಲ್ಲವೋ ನೋಡಲು ಅವರದೊಂದು ಕ್ರಮ. ಒಂದು ಕಲ್ಲನ್ನು ತಂತಿಗೆ ಕಟ್ಟಿ ಗೂಡಿನ ಪಕ್ಕದ ತೂತಿನಲ್ಲಿ ಇಳಿಬಿಡುವುದು, ಆಗಾಗ ಎಳೆದು ತಕ್ಕಡಿಗೆ ಹಾಕುವುದು. ಬೇಯುತ್ತಾ ಕಲ್ಲು ಒಳಗಿನ ಗಾಳಿ ಬಿಟ್ಟು ಹಗುರಾಗುತ್ತದೆ. ಎದುರು ತಟ್ಟೆಯಲ್ಲಿ ತೂಕಕ್ಕಿಟ್ಟ ಹರಳುಗಳನ್ನು ಒಂದೊಂದಾಗಿ ತೆಗೆಯುತ್ತಾ ಹೋಗಬೇಕು. ತೆಗೆಯುವುದು ನಿಂತರೆ ಸುಣ್ಣ ಆಯಿತೆಂದು ಲೆಕ್ಕ.

ಅಷ್ಟರಲ್ಲಿ ತುಂತುರು ಶುರುವಾಯಿತು. ಬೆಂಕಿ ಆರೀತೆಂದು ಗೂಡಿನ ತಲೆಗೆ ತಗಡು ಹೊದಿಸಿ, ಅಂಚಿಗೆಲ್ಲ ಜೇಡಿಮಣ್ಣು ಮೆತ್ತಿದೆವು. ಕೆಳಗಿನಿಂದ ನಾನು ಸೌದೆ ತುರುಕುತ್ತಲೇ ಇದ್ದೆ. ಸಂಜೆಗೆ ಸಾಬರು ತೂಗಿದರು. ಸ್ವಲ್ಪ ಬಿಟ್ಟು ಮತ್ತೆ ತೂಗಿದರು.

"ತೂಕ ನಿಂತ್ಬುಡ್ತು ಮಾಲಿಂಗಯ್ಯ. ಗಾರೆಗೆ ಮರಳು ಜರಡಿ ಹಿಡಿ."

ನಮ್ಮಣ್ಣ ಮಹಾಲಿಂಗಯ್ಯ ಇಕ್ಕಳದಲ್ಲಿ ಬೇರೊಂದು ಕಲ್ಲು ತೆಗೆದು, ಆರಿಸಿ, ನೀರು ಹಾಕಿದ. ಸುಣ್ಣವಾಗಿದ್ದರೆ ಬುಸುಗುಟ್ಟಿ ಅರಳಬೇಕು. ಮೇಲಿನ ಸಿಪ್ಪೆ ಉದುರಿತು. ಒಳಗೆ ಕಲ್ಲು ಕಲ್ಲೇ.

"ಇದು ನಿಮ್ಮ ತಲೆ ಇದ್ದಂಗೈತಲ್ಲ ಸಾಬ್ರೇ!"

ಊಟ ತಂದಿದ್ದ ಸಾಬರ ಹೆಂಡತಿ ಖಾಜಾಬಿ ತಗಡು ನೋಡಿ ಹಣೆ ಬಡಿದುಕೊಂಡರು. "ಯಾ ಅಲ್ಲಾ! ಮುಚ್ಚಳ ಬಿಗಿದ ಮಡಕೇಲಿ ನೀರು ಕಮ್ಮಿ ಆಯ್ತದಾ? ಎದ್ದ ಆವಿ ಅಲ್ಲೇ ವಾಪಸ್ ಬೀಳ್ತದೆ."

ಸಾಬರು ಮೆತ್ತಿದ ಮಣ್ಣು ಕೆದಕಿ ತಗಡಿನ ಒಂದು ಅಂಚು ಎತ್ತಿದರು. ತಂತಿಯ ಕಲ್ಲು ಮತ್ತೆ ಒಳಗಿಳಿಯಿತು. ಆಮೇಲೆ ತೂಗಿದಾಗ ತಟ್ಟೆಯಿಂದ ಹರಳು ತೆಗೆಯಬೇಕಾಯಿತು. ಮತ್ತೆ ಇನ್ನೊಂದು. ತೂಕ ನಿಂತಿತ್ತೇ ಹೊರತು ಕೆಲಸ ಮುಗಿದಿರಲಿಲ್ಲ. ಕಲ್ಲು ಬಿಟ್ಟ ಉಸಿರು ದಾರಿಯಿಲ್ಲದೆ, ಬಿಟ್ಟಷ್ಟೂ ಮತ್ತೆ ಕಲ್ಲಿಗೇ ಸೇರುತ್ತಿತ್ತು.

ಆಗ ಮಳೆ ಜೋರಾಯಿತು. ತಗಡು ತೆಗೆದರೆ ಬೆಂಕಿ ಆರುತ್ತದೆ. ಮುಚ್ಚಿದರೆ ಕಲ್ಲು ಬೇಯುವುದಿಲ್ಲ. ಅಣ್ಣನೂ ಸಾಬರೂ ಆಚೆಗೊಬ್ಬರು ಈಚೆಗೊಬ್ಬರು ನಿಂತು, ತಗಡನ್ನು ಕೋಲುಗಳ ಮೇಲೆ ಎತ್ತಿ ಹಿಡಿದರು.

"ಕೈ ಸುಡ್ತೈತಾ ಸಾಬ್ರೇ?"

"ನಿಂಗೆ?"

"ಬುಡ್ಬ್ಯಾಡಿ."

ಬೆನ್ನ ಹಿಂದೆ ಬಾವಿಯಲ್ಲಿ ಒಂದು ಕಲ್ಲು ನೀರಿಗೆ ಬಿದ್ದ ಸದ್ದಾಯಿತು. ಆಮೇಲೆ ಮಣ್ಣು ಜಾರುವ ಸದ್ದು, ಬಹಳ ಹೊತ್ತು. ಖಾಜಾಬಿ ಸೆರಗು ಬಾಯಿಗಿಟ್ಟುಕೊಂಡರು. ಕೋಲು ಹಿಡಿದವರು ತಿರುಗಲಿಲ್ಲ. ತಿರುಗಿದರೆ ಗೂಡೂ ಹೋಗುತ್ತಿತ್ತು.

ಸದ್ದು ನಿಂತಿತು. ಅಣ್ಣ ಕೋಲು ಇಳಿಸಲಿಲ್ಲ.

"ಬಾವಿ ಮತ್ತೆ ತೋಡಿದ್ರೂ ಸುಣ್ಣ ಬೇಕಲ್ಲ. ಇನ್ನೊಂದು ಸೌದೆ ಹಾಕು," ಅಂದ ನನಗೆ.